ಗಾಳಿಯಲ್ಲಿ ಎದ್ದ ಚಕ್ರ: ರೇಂಜ್ ರೋವರ್ ಮತ್ತು ಜಿ-ಕ್ಲಾಸ್

ಗಾಡಿ ಹುಚ್ಚು ಹತ್ತಿದ ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ. ಮರ್ಸಿಡಿಸ್ ಜಿ-ಕ್ಲಾಸ್ ನಿಜವಾದ ಗಾಡಿ, ರೇಂಜ್ ರೋವರ್ ಏನಿದ್ದರೂ ಶೋಕಿಗೆ. ಜಿ ಅಂದರೆ ಮಿಲಿಟರಿ, ಚಾಸಿ (ಗಾಡಿಯ ಅಡಿಯಲ್ಲಿರುವ ಉಕ್ಕಿನ ಚೌಕಟ್ಟು), ಕಬ್ಬಿಣ. ರೇಂಜ್ ರೋವರ್ ಅಂದರೆ ಚರ್ಮದ ಸೀಟು, ಗಾಳಿ ತುಂಬಿದ ಸ್ಪ್ರಿಂಗು, ಕಾಲಡಿ ದಪ್ಪ ಕಾರ್ಪೆಟ್ಟು. ಒಂದು ಗಟ್ಟಿ, ಒಂದು ಮೆತ್ತಗೆ. ಇಷ್ಟು ಹೇಳಿ ತಲೆಯಾಡಿಸಿ ಎಲ್ಲರೂ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ.

ನನಗೆ ಈ ಮಾತು ಒಪ್ಪಿಗೆಯಿಲ್ಲ. ಜಿ-ಕ್ಲಾಸ್ ಕಂಡರೆ ನನಗೂ ಆಸೆಯೇ, ರಸ್ತೆಯಲ್ಲಿ ಒಂದು ಹೋದರೆ ಕತ್ತು ತಿರುಗಿಸಿ ನೋಡುತ್ತೇನೆ. ಆದರೆ ರೇಂಜ್ ರೋವರ್‌ನ ಮೆತ್ತನೆ ಗುಣವನ್ನು ಬಲಹೀನತೆ ಅಂತ ತಿಳಿಯುವುದು ತಪ್ಪು. ಆ ಗಾಡಿ ಕೆಸರು ದಾಟುವುದೇ ಆ ಮೆತ್ತನೆ ಸ್ಪ್ರಿಂಗಿನಿಂದ. ಉಳುಮೆ ಮಾಡಿದ ಹೊಲವನ್ನು ವೇಗವಾಗಿ ದಾಟಬೇಕು ಅಂತ ಮಾಡಿದ ಸ್ಪ್ರಿಂಗು ಅದು. ಒಳಗೆ ಕೂತವರಿಗೆ ಸಿಕ್ಕ ಸುಖ ಅದರ ಜೊತೆಗೇ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳೋಣ ಅನ್ನಿಸಿತು.

ಮೊದಲು ಚಕ್ರದ ವಿಷಯ.

ಮೂಡಿಗೆರೆ ಕಡೆ ನಮ್ಮ ಸೋದರಮಾವನ ತೋಟದಲ್ಲಿ ಒಂದು ಹಳೇ ಮಹೀಂದ್ರ ಜೀಪ್ ಇತ್ತು. ಹಿಂದೆ ಮುಂದೆ ಎರಡೂ ಕಡೆ ಪ್ಲೇಟು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗು, ಬಿಗಿ ಅಂದರೆ ಬಿಗಿ. ಮಳೆಗಾಲದಲ್ಲಿ ತೋಟದ ಮೇಲಿನ ಪಟ್ಟೆಗೆ ಹೋಗುವ ದಾರಿ ನೀರು ಕೊರೆದು ಹಾಳಾಗುತ್ತಿತ್ತು. ಎಡಕ್ಕೊಂದು ಗುಂಡಿ, ಸ್ವಲ್ಪ ಹಿಂದೆ ಬಲಕ್ಕೊಂದು ಗುಂಡಿ. ಮುಂದಿನ ಎಡ ಚಕ್ರ ಒಂದು ಗುಂಡಿಯ ಮೇಲೆ, ಹಿಂದಿನ ಬಲ ಚಕ್ರ ಇನ್ನೊಂದರ ಮೇಲೆ ಬಂದರೆ ಮುಗಿಯಿತು. ಗಾಡಿಯ ಭಾರವೆಲ್ಲ ಉಳಿದೆರಡು ಚಕ್ರದ ಮೇಲೆ. ಗುಂಡಿಯ ಮೇಲಿದ್ದ ಚಕ್ರಗಳು ನೆಲಕ್ಕೆ ತಾಗದೆ ಸುಮ್ನೆ ಗಿರಗಿರ ತಿರುಗುತ್ತಿದ್ದವು. ಫೋರ್ ವೀಲ್ ಹಾಕಿದ್ದರೂ ಜೀಪ್ ಒಂದಿಂಚು ಮುಂದೆ ಹೋಗುತ್ತಿರಲಿಲ್ಲ. 'ಚಕ್ರ ನೆಲ ಕಚ್ಕೊಂಡಿದ್ರೆ ತಾನೇ ಹತ್ತೋದು? ಇದು ಕಾಲೆತ್ಕೊಂಡು ನಿಂತಿದೆ ನೋಡಪ್ಪ' ಅಂತ ಹೇಳಿ ಡ್ರೈವರ್ ಇಳಿದು ಕಲ್ಲು ಹುಡುಕಲು ಹೋಗುತ್ತಿದ್ದ.

ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುತ್ತಿರುವಾಗ ಗಾಡಿ ಯಾಕೆ ನಿಲ್ಲಬೇಕು? ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಡೆಯ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಡೆಯದ್ದು ಕಡಿಮೆ. ಎರಡಕ್ಕೂ ಒಂದೇ ಗಟ್ಟಿ ಸರಳು ಹಾಕಿದರೆ ಟೈರು ಉಜ್ಜಿಹೋಗುತ್ತದೆ, ಗಾಡಿ ತಿರುಗುವುದೂ ಕಷ್ಟ. ಅದಕ್ಕೇ ನಡುವೆ ಡಿಫರೆನ್ಷಿಯಲ್ ಇಡುತ್ತಾರೆ. ಅದು ಎರಡು ಚಕ್ರಕ್ಕೂ ಬೇರೆ ಬೇರೆ ವೇಗ ಬಿಟ್ಟುಕೊಡುತ್ತದೆ, ಬಲವನ್ನು ಮಾತ್ರ ಸಮನಾಗಿ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಕಿಲ್ಲ. ಅದಕ್ಕೆ ಹೋಗುವುದು ಸೊನ್ನೆ ಅಂದಮೇಲೆ ನೆಲದ ಮೇಲಿರುವ ಚಕ್ರಕ್ಕೂ ಸೊನ್ನೆಯೇ.

ಇದರಿಂದ ಪಾರಾಗಲು ಎರಡು ದಾರಿ ಇವೆ. ಡಿಫರೆನ್ಷಿಯಲ್ಲಿಗೆ ಲಾಕ್ ಹಾಕಿ ಎರಡು ಚಕ್ರವನ್ನೂ ಒಂದಕ್ಕೊಂದು ಕಟ್ಟಿಬಿಡುವುದು ಒಂದು. ಆಗ ಒಂದು ಚಕ್ರ ಗಾಳಿಯಲ್ಲಿದ್ದರೂ ಚಿಂತೆಯಿಲ್ಲ, ಇನ್ನೊಂದು ಎಳೆಯುತ್ತದೆ. ಚಕ್ರ ಗಾಳಿಗೆ ಏಳದಂತೆಯೇ ನೋಡಿಕೊಳ್ಳುವುದು ಇನ್ನೊಂದು. ಸ್ಪ್ರಿಂಗು ಮೆತ್ತಗಿದ್ದು, ಉದ್ದಕ್ಕೆ ಚಾಚಿಕೊಳ್ಳುವಂತಿದ್ದರೆ ಚಕ್ರ ಗುಂಡಿಯ ತಳ ಮುಟ್ಟುವವರೆಗೂ ಇಳಿದು ನೆಲ ಹಿಡಿಯುತ್ತದೆ.

ಜಿ-ಕ್ಲಾಸ್ ಮೊದಲನೇ ದಾರಿ ಹಿಡಿಯಿತು. ರೇಂಜ್ ರೋವರ್ ಎರಡನೆಯದು. ಈ ಎರಡು ಗಾಡಿಗಳ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ.

ರೇಂಜ್ ರೋವರ್ ಶುರುವಾಗಿದ್ದು 60ರ ದಶಕದಲ್ಲಿ, ಇಂಗ್ಲೆಂಡಿನ ಸೋಲಿಹಲ್‌ನಲ್ಲಿ. ರೋವರ್ ಕಂಪನಿ 1948ರಲ್ಲಿ ತಂದಿದ್ದ ಲ್ಯಾಂಡ್ ರೋವರ್ ಆಗಲೇ ಜಗತ್ತಿನ ಮೂಲೆ ಮೂಲೆ ತಲುಪಿತ್ತು. ಅದೂ ನಮ್ಮ ಮಾವನ ಜೀಪಿನ ಜಾತಿಯದೇ, ಪ್ಲೇಟಿನ ಮೇಲೆ ಕೂತ ಗಾಡಿ. ಗಟ್ಟಿ ಹೌದು, ಆದರೆ ಕೂತವರ ಬೆನ್ನು ಮೂಳೆ ಎಣಿಸಬಹುದು. ರೋವರ್ ಕಂಪನಿಯ ಎಂಜಿನಿಯರ್ ಸ್ಪೆನ್ ಕಿಂಗ್ ಮತ್ತು ಅವರ ಜೊತೆಗಾರ ಗಾರ್ಡನ್ ಬ್ಯಾಷ್‌ಫರ್ಡ್ ಇದಕ್ಕೆ ಬೇರೆ ದಾರಿ ಹುಡುಕಿದರು. ಕಾರುಗಳಲ್ಲಿರುವ ಹಾಗೆ ಸುರುಳಿ ಸುತ್ತಿದ ಕಾಯಿಲ್ ಸ್ಪ್ರಿಂಗ್ ಹಾಕಿದರು, ಅದೂ ಉದ್ದನೆಯದು, ಮೆತ್ತನೆಯದು. ಭಾರ ಹೇರಿದಾಗ ಹಿಂಬದಿ ಕುಸಿಯದಿರಲಿ ಅಂತ ಹಿಂದೆ ತಾನೇ ಎತ್ತರ ಸರಿಮಾಡಿಕೊಳ್ಳುವ ಒಂದು ಸಾಧನ ಕೂರಿಸಿದರು.

ಇನ್ನೂ ಚೆಂದದ ವಿಷಯ ಎಂಜಿನ್‌ದು. 3.5 ಲೀಟರಿನ, ಎಂಟು ಸಿಲಿಂಡರಿನ ಅಲ್ಯೂಮಿನಿಯಂ ವಿ8. ಮೂಲದಲ್ಲಿ ಅಮೆರಿಕದ ಬ್ಯೂಕ್ ಎಂಜಿನ್, ಅದರ ಹಕ್ಕನ್ನು ರೋವರ್ 1965ರಲ್ಲಿ ಜನರಲ್ ಮೋಟರ್ಸ್‌ನಿಂದ ಪಡೆದಿತ್ತು. ಅಷ್ಟು ಬಲವನ್ನು ಹಿಂದಿನ ಆಕ್ಸಲ್ (ಎಡ ಬಲ ಚಕ್ರಗಳ ಅಚ್ಚು) ಒಂದಕ್ಕೇ ಕೊಟ್ಟರೆ ಆ ಆಕ್ಸಲ್ ದಪ್ಪಗೆ, ಭಾರವಾಗಿ ಇರಬೇಕು. ಎರಡು ಆಕ್ಸಲ್‌ಗೂ ಯಾವಾಗಲೂ ಹಂಚಿದರೆ ಹಗುರ ಆಕ್ಸಲ್ ಸಾಕು. ಆಕ್ಸಲ್ ಹಗುರವಾದರೆ ಮೆತ್ತನೆ ಸ್ಪ್ರಿಂಗು ಅದನ್ನು ಹತೋಟಿಯಲ್ಲಿಡಬಲ್ಲದು. ಹಾಗೆ ಬಂತು ಅದರ ಸದಾಕಾಲದ ಫೋರ್ ವೀಲ್ ಡ್ರೈವ್. ಒಂದು ನಿರ್ಧಾರ ಇನ್ನೊಂದನ್ನು ಎಳೆದು ತಂದ ಬಗೆ ನೋಡಿ. ಎಲ್ಲವೂ ಹೊರಟಿದ್ದು ಚಕ್ರ ನೆಲ ಬಿಡಬಾರದು ಅನ್ನುವ ಒಂದೇ ಹಟದಿಂದ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂಡ ಇತ್ತು, ಆ ಕಾಲದ ಇಂಥ ಗಾಡಿಗಳಲ್ಲಿ ಕಾಣಸಿಗದ ವಿಷಯ ಅದು.

1970ರ ಜೂನ್‌ನಲ್ಲಿ ಅದು ಹೊರಬಂತು. ಬೆಲೆ 1,998 ಪೌಂಡ್. ಎರಡೇ ಬಾಗಿಲು. ಒಳಗೆ ಚರ್ಮ, ಮರ ಯಾವುದೂ ಇಲ್ಲ. ರೆಕ್ಸಿನ್ ಸೀಟು, ನೀರು ಹಾಕಿ ತೊಳೆಯಬಹುದಾದ ನೆಲ. ಈಗ ಶ್ರೀಮಂತಿಕೆಗೆ ಹೆಸರಾದ ಗಾಡಿ ಅವತ್ತು ಹೀಗಿತ್ತು ಅಂದರೆ ನಂಬುವುದು ಕಷ್ಟ. ಹೊರಗಿನ ಆಕಾರವನ್ನೂ ಹೆಚ್ಚು ಕಡಿಮೆ ಎಂಜಿನಿಯರುಗಳೇ ಮಾಡಿದ್ದು. ಆಮೇಲೆ ಡೇವಿಡ್ ಬಾಷ್ ಅನ್ನುವ ವಿನ್ಯಾಸಕಾರರು ಅದನ್ನು ತಿದ್ದಿ ನಯ ಮಾಡಿದರು. ಅದೇ ಗಾಡಿಯನ್ನು ಸ್ವಲ್ಪ ಸಮಯದಲ್ಲೇ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಒಳ್ಳೆ ವಿನ್ಯಾಸದ ಮಾದರಿ ಅಂತ ಪ್ರದರ್ಶನಕ್ಕಿಟ್ಟರು.

1971-72ರಲ್ಲಿ ಬ್ರಿಟಿಷ್ ಸೈನ್ಯದ ಜಾನ್ ಬ್ಲ್ಯಾಷ್‌ಫರ್ಡ್-ಸ್ನೆಲ್ ಅವರ ತಂಡ ಎರಡು ರೇಂಜ್ ರೋವರ್‌ಗಳಲ್ಲಿ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿವರೆಗೆ ಹೋಯಿತು. ನಡುವೆ ಪನಾಮಾ ಮತ್ತು ಕೊಲಂಬಿಯಾ ಮಧ್ಯದ ಡೇರಿಯನ್ ಕಾಡು, ರಸ್ತೆಯೇ ಇಲ್ಲದ ಜೌಗು. ಅಲ್ಲಿ ಡಿಫರೆನ್ಷಿಯಲ್‌ಗಳು ಮುರಿದವು, ಇಂಗ್ಲೆಂಡಿನಿಂದ ಭಾಗಗಳು ಬರಬೇಕಾಯಿತು. ಅಷ್ಟಾದರೂ ಗಾಡಿಗಳು ದಾಟಿದವು. 1979ರಲ್ಲಿ ಮೊದಲ ಪ್ಯಾರಿಸ್-ಡಕಾರ್ ರ‍್ಯಾಲಿ ನಡೆದಾಗ ಕಾರುಗಳಲ್ಲಿ ಮುಂದೆ ಬಂದಿದ್ದೂ ರೇಂಜ್ ರೋವರ್. 'ಬರೀ ಶೋಕಿ' ಅನ್ನುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಆ ರ‍್ಯಾಲಿ ನಡೆದ ವರ್ಷವೇ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಜಿ-ಕ್ಲಾಸ್ ತಯಾರಿ ಶುರುವಾಯಿತು. ಮರ್ಸಿಡಿಸ್ ಅಂದ ಕೂಡಲೇ ಜರ್ಮನಿ ನೆನಪಾಗುತ್ತದೆ ಅಲ್ವಾ? ಈ ಗಾಡಿ ಮಾತ್ರ ಅವತ್ತಿಂದ ಇವತ್ತಿನವರೆಗೂ ಗ್ರಾಜ್‌ನದೇ. 1972ರಲ್ಲಿ ಡೈಮ್ಲರ್-ಬೆಂಜ್ ಕಂಪನಿ ಆಸ್ಟ್ರಿಯಾದ ಸ್ಟೈರ್-ಡೈಮ್ಲರ್-ಪುಖ್ ಜೊತೆ ಕೈ ಜೋಡಿಸಿತು. ಸ್ಟೈರ್ ಕಡೆಯಿಂದ ಕೆಲಸ ನೋಡಿಕೊಂಡವರು ಎರಿಕ್ ಲೆಡ್ವಿಂಕಾ. ಆಲ್ಪ್ಸ್ ಬೆಟ್ಟಗಳಲ್ಲಿ ಸೈನ್ಯಕ್ಕೆ ಓಡಾಡುವ ಹಾಫ್ಲಿಂಗರ್, ಪಿಂಜ್‌ಗಾವರ್ ಗಾಡಿಗಳನ್ನು ಮಾಡಿದ್ದ ಅನುಭವ ಅವರದು. ಪರೀಕ್ಷೆಗೆ ಊರ ಹತ್ತಿರವೇ 1,445 ಮೀಟರ್ ಎತ್ತರದ ಶೋಕಲ್ ಬೆಟ್ಟ, ಕಲ್ಲು ಬೇರು ತುಂಬಿದ ಕಡಿದಾದ ದಾರಿ. ಈಗಲೂ ಹೊಸ ಮಾದರಿಗಳನ್ನು ಅಲ್ಲೇ ಹತ್ತಿಸಿ ಇಳಿಸಿ ನೋಡುತ್ತಾರೆ.

ಇರಾನಿನ ದೊರೆ ಶಾ ಸಾವಿರಾರು ಗಾಡಿಗಳನ್ನು ಕೊಳ್ಳುತ್ತಾರೆ ಅನ್ನುವ ಲೆಕ್ಕ ಇತ್ತು. 1979ರ ಕ್ರಾಂತಿಯಲ್ಲಿ ಶಾ ದೇಶ ಬಿಟ್ಟರು, ಆ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಬೇರೆ ಸೈನ್ಯಗಳು ಬಂದವು. ಜರ್ಮನ್ ಸೈನ್ಯಕ್ಕೆ ಹೋಯಿತು. ಫ್ರಾನ್ಸ್‌ನಲ್ಲಿ ಪೂಜೋ ಕಂಪನಿ ಪರವಾನಗಿ ಪಡೆದು ಪಿ4 ಅನ್ನುವ ಹೆಸರಿನಲ್ಲಿ ಅಲ್ಲಿನ ಸೈನ್ಯಕ್ಕೆ ಮಾಡಿಕೊಟ್ಟಿತು. ಸೈನಿಕರಿಗೆ ಬೇಕಾದ್ದು ಸುಲಭವಾಗಿ ರಿಪೇರಿ ಆಗುವ ಗಾಡಿ. ಅದಕ್ಕೇ ಚಪ್ಪಟೆ ತಗಡು, ಚಪ್ಪಟೆ ಗಾಜು, ಹೊರಗೇ ಕಾಣುವ ಬಾಗಿಲ ತಿರುಗಣೆ. ಮೊದಲ ವರ್ಷದ 240 ಜಿಡಿ ಮಾದರಿಯ ಡೀಸೆಲ್ ಎಂಜಿನ್ನಿಗೆ ಇದ್ದದ್ದು 72 ಅಶ್ವಶಕ್ತಿ. ಈಗಿನ ಜಿ 63ಕ್ಕೆ 585.

ಜಿಯಲ್ಲೂ ಕಾಯಿಲ್ ಸ್ಪ್ರಿಂಗೇ ಇದ್ದದ್ದು, ಪ್ಲೇಟಲ್ಲ. ಇದನ್ನು ಹೇಳದಿದ್ದರೆ ಅನ್ಯಾಯ. ಆದರೆ ರೇಂಜ್ ರೋವರ್‌ಗಿಂತ ಬಿಗಿ. ಅದರ ಬದಲಿಗೆ ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗೆ ಪೂರ್ತಿ ಲಾಕ್ ಸಿಗುತ್ತಿತ್ತು. ಮೊದಲ ರೇಂಜ್ ರೋವರ್‌ನಲ್ಲಿ ಲಾಕ್ ಇದ್ದದ್ದು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಬಲ ಹಂಚುವ ನಡುವಿನ ಡಿಫರೆನ್ಷಿಯಲ್ಲಿಗೆ ಮಾತ್ರ. 1990ರ ಹೊತ್ತಿಗೆ ಜಿಗೆ ಸದಾಕಾಲದ ಫೋರ್ ವೀಲ್ ಬಂತು. ಆಗ ನಡುವೆ, ಹಿಂದೆ, ಮುಂದೆ ಹೀಗೆ ಮೂರು ಲಾಕ್, ಡ್ಯಾಶ್‌ಬೋರ್ಡಿನಲ್ಲಿ ಮೂರು ಬಟನ್. ಇವತ್ತಿನ ಪೆಟ್ರೋಲ್, ಡೀಸೆಲ್ ಜಿಗಳಲ್ಲೂ ಆ ಮೂರು ಬಟನ್ ಎರಡು ಎಸಿ ಕಿಂಡಿಗಳ ನಡುವೆ ಹಾಗೇ ಇವೆ.

ಆ ಬಟನ್‌ಗಳನ್ನು ಕಣ್ಣಾರೆ ಕೆಲಸ ಮಾಡುವಾಗ ನೋಡಿದ್ದು ಸಕಲೇಶಪುರದ ಹತ್ತಿರ, ಪರಿಚಯದ ಒಬ್ಬ ಪ್ಲಾಂಟರ್ ತೋಟದಲ್ಲಿ. ಜಿ 400ಡಿ, ಮೈತುಂಬ ಕೆಸರು. ಮೊದಲು ಬಾಗಿಲಿನ ಬಗ್ಗೆ ಹೇಳಬೇಕು. ಹಿಡಿಕೆಯ ತುದಿಯಲ್ಲಿ ಒಂದು ಗುಂಡಗಿನ ಬಟನ್. ಹೆಬ್ಬೆರಳಿನಿಂದ ಒತ್ತಬೇಕು, ಅದೂ ಜೋರಾಗಿ ಒತ್ತಬೇಕು. ಒಳಗೆ ಏನೋ ಸರಿದು ಠಕ್ ಅನ್ನುತ್ತದೆ. ಮುಚ್ಚುವಾಗ ನಿಧಾನಕ್ಕೆ ತಳ್ಳಿದರೆ ಬಾಗಿಲು ಕೂರುವುದಿಲ್ಲ, ಬೀಸಿ ಹಾಕಬೇಕು. ಗಾಡಿ ಹೊರಟ ಕೂಡಲೇ ಬಾಗಿಲುಗಳು ತಾವೇ ಲಾಕ್ ಆಗುತ್ತವೆ, ಆ ಸದ್ದಿಗೆ ಮೊದಲ ಸಲ ಕೂತವರು ಬೆಚ್ಚಿ ಬೀಳುತ್ತಾರೆ. 2018ರಲ್ಲಿ ಗಾಡಿಯನ್ನು ಪೂರ್ತಿ ಹೊಸದಾಗಿ ಮಾಡಿದಾಗ ಹಳೆಯದರಿಂದ ಉಳಿಸಿಕೊಂಡ ಬೆರಳೆಣಿಕೆಯ ಭಾಗಗಳಲ್ಲಿ ಈ ಹಿಡಿಕೆಯೂ ಒಂದು. ಮುಂದಿನ ಸೀಟಿನವರ ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದಪ್ಪ ಹಿಡಿ. ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ, ಅರ್ಧ ಕಿಲೋಮೀಟರಿನಲ್ಲಿ ಎರಡೂ ಕೈಯಲ್ಲಿ ಹಿಡಿದು ಕೂತೆ.

ಅಲ್ಲೂ ಅದೇ ಕಥೆ, ಎಡಕ್ಕೊಂದು ಗುಂಡಿ ಬಲಕ್ಕೊಂದು ಗುಂಡಿ. ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ಗೇರಿನಲ್ಲಿ ಹೋಗುತ್ತಿದ್ದ ಗಾಡಿಯ ಹಿಂದಿನ ಚಕ್ರ ಎದ್ದಿತು, ತಿರುಗತೊಡಗಿತು, ಗಾಡಿ ನಿಂತಿತು. ಓಡಿಸುತ್ತಿದ್ದ ಪ್ಲಾಂಟರ್ ನಡುವಿನ ಲಾಕ್‌ನ ಬಟನ್ ಒತ್ತಿದರು, ಆಮೇಲೆ ಹಿಂದಿನದು. ಕೆಂಪು ದೀಪ ಹತ್ತಿತು. ಮತ್ತೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರು. ಗಾಳಿಯಲ್ಲಿದ್ದ ಚಕ್ರವೂ ನೆಲದ ಮೇಲಿದ್ದ ಚಕ್ರವೂ ಒಟ್ಟಿಗೆ, ಒಂದೇ ವೇಗದಲ್ಲಿ ನಿಧಾನವಾಗಿ ಉರುಳಿದವು. ಒಂದು ಚೂರೂ ಜಾರಲಿಲ್ಲ. ಗಾಡಿ ಓರೆಯಾಗಿ, ಒಂದು ಕಾಲು ಮೇಲೆತ್ತಿಕೊಂಡೇ, ದಿಣ್ಣೆ ಹತ್ತಿತು. ಅಂಥ ಗಟ್ಟಿ ಕೆಲಸ ನೋಡುವುದೇ ಒಂದು ಸಂತೋಷ. ಇಳಿದಾಗ ಭುಜ, ಸೊಂಟ ಎರಡೂ ಮಾತಾಡುತ್ತಿದ್ದವು.

ರೇಂಜ್ ರೋವರ್ ಓಡಿಸಿದ್ದು ಇಂಗ್ಲೆಂಡಿನ ಈಸ್ಟ್‌ನರ್‌ನಲ್ಲಿ, ಕೆಲಸದ ಮೇಲೆ ಅಲ್ಲಿ ಇದ್ದ ದಿನಗಳಲ್ಲಿ. ಮಾಲ್ವರ್ನ್ ಬೆಟ್ಟಗಳ ಪಕ್ಕದ ದೊಡ್ಡ ಎಸ್ಟೇಟ್ ಅದು. ಲ್ಯಾಂಡ್ ರೋವರ್‌ನವರು 60ರ ದಶಕದಿಂದಲೂ ಅಲ್ಲಿನ ಕೆಂಪು ಕೆಸರಿನಲ್ಲಿ ಗಾಡಿ ಪರೀಕ್ಷೆ ಮಾಡುತ್ತಾರೆ. ಜನರಿಗೂ ಓಡಿಸಲು ಬಿಡುತ್ತಾರೆ, ಪಕ್ಕದಲ್ಲಿ ಹೇಳಿಕೊಡುವವರು ಕೂರುತ್ತಾರೆ. ಸಸ್ಪೆನ್ಷನ್, ಅಂದರೆ ಚಕ್ರದ ಮೇಲೆ ಗಾಡಿಯನ್ನು ಹೊರುವ ಸ್ಪ್ರಿಂಗಿನ ವ್ಯವಸ್ಥೆ, ಎತ್ತರಿಸಿ ಗುಂಡಿಗಳ ಮೇಲೆ ಗಾಡಿ ಬಿಟ್ಟಾಗ ಚಕ್ರ ಏಳುತ್ತದೆ ಅಂತ ಮೈ ಬಿಗಿ ಹಿಡಿದು ಕೂತಿದ್ದೆ. ಏಳಲಿಲ್ಲ. ಎಡಗಡೆ ಚಕ್ರ ಇಳಿಯಿತು, ಇಳಿಯುತ್ತಲೇ ಹೋಯಿತು, ತಳ ಮುಟ್ಟಿತು. ಒಳಗೆ ಕೂತ ನಮಗೆ ಗೊತ್ತಾದದ್ದು ಸಣ್ಣ ಓಲಾಟ ಮಾತ್ರ. ಪಕ್ಕದವರು ಕಿಟಕಿ ಇಳಿಸಿ ಚಕ್ರ ನೋಡಿ ಅಂದರು. ತಲೆ ಹೊರಗೆ ಹಾಕಿ ನೋಡಿದರೆ, ಮಡ್‌ಗಾರ್ಡಿಗೂ ಟೈರಿಗೂ ನಡುವೆ ಅಷ್ಟೊಂದು ಜಾಗ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಬಿಟ್ಟರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಹಳೇ ರೇಂಜ್ ರೋವರ್‌ಗಳಲ್ಲಿ ಎಡ ಬಲ ಚಕ್ರಗಳನ್ನು ಕೂಡಿಸುವ ಗಟ್ಟಿ ಆಕ್ಸಲ್ ಇತ್ತು. ಅದು ಹೆಗಲ ಮೇಲಿನ ಅಡ್ಡೆಯ ಹಾಗೆ, ಒಂದು ತುದಿ ಮೇಲೆದ್ದರೆ ಇನ್ನೊಂದು ತಾನಾಗಿ ಕೆಳಗೆ ಹೋಗುತ್ತದೆ. ಗುಂಡಿ ದಾರಿಗೆ ಇದು ಬಹಳ ಒಳ್ಳೆಯದು, ರಸ್ತೆಗೆ ಅಷ್ಟಕ್ಕಷ್ಟೆ. 2001ರ ಕೊನೆಗೆ ಮೂರನೇ ತಲೆಮಾರಿನ ಗಾಡಿ ಬಂದಾಗ ಚಾಸಿಯೂ ಹೋಯಿತು, ಗಟ್ಟಿ ಆಕ್ಸಲ್ಲೂ ಹೋಯಿತು. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಹಳಬರು ಸಿಟ್ಟಾದರು. ಆದರೆ ಎಂಜಿನಿಯರುಗಳು, ಕಾಯಿಲ್ ಜಾಗಕ್ಕೆ ಬಂದಿದ್ದ ಎಡ ಬಲದ ಗಾಳಿ ಸ್ಪ್ರಿಂಗುಗಳ ನಡುವೆ ಕೊಳವೆ ಹಾಕಿ ಒಂದು ವಾಲ್ವ್ ಇಟ್ಟಿದ್ದರು. ಗುಂಡಿ ದಾರಿಯಲ್ಲಿ ವಾಲ್ವ್ ತೆರೆದುಕೊಳ್ಳುತ್ತದೆ. ಒಂದು ಕಡೆ ಚಕ್ರ ಮೇಲೆ ಒತ್ತಿದಾಗ ಆ ಗಾಳಿ ಇನ್ನೊಂದು ಕಡೆಗೆ ಹೋಗಿ ಆ ಚಕ್ರವನ್ನು ಕೆಳಕ್ಕೆ ತಳ್ಳುತ್ತದೆ. ಅಂದರೆ ಗಟ್ಟಿ ಆಕ್ಸಲ್ ಮಾಡುತ್ತಿದ್ದ ಕೆಲಸವನ್ನು ಗಾಳಿಯ ಕೈಯಲ್ಲಿ ಮಾಡಿಸಿದರು. ರೇಂಜ್ ರೋವರ್‌ನ ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಇದು. ಹೊರಗೆ ಏನೂ ಕಾಣುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ.

ಇವತ್ತಿನ ರೇಂಜ್ ರೋವರ್ ಬರೀ ಸ್ಪ್ರಿಂಗಿನ ಮೇಲೆ ಬದುಕಿಲ್ಲ, ನಿಜ. ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ಕಂಪ್ಯೂಟರ್ ಇದೆ, ಹಿಂದಿನ ಡಿಫರೆನ್ಷಿಯಲ್ಲಿಗೆ ತಾನೇ ಹಾಕಿಕೊಳ್ಳುವ ಲಾಕ್ ಇದೆ. 2018ರ ಜಿ ಕೂಡ ಸ್ವಲ್ಪ ಮೆತ್ತಗಾಯಿತು. ಮುಂದಿನ ಗಟ್ಟಿ ಆಕ್ಸಲ್ ತೆಗೆದು ಬೇರೆ ಸಸ್ಪೆನ್ಷನ್ ಹಾಕಿದರು, ಹಿಂದಿನದು ಹಾಗೇ ಉಳಿಯಿತು. ಆದರೂ ಎರಡರ ಸ್ವಭಾವ ಬದಲಾಗಿಲ್ಲ. ಜಿಯಲ್ಲಿ ಏನು ನಡೆಯುತ್ತಿದೆ ಅಂತ ಬಟನ್ ಒತ್ತುವ ಕೈಗೆ ಗೊತ್ತಿರುತ್ತದೆ. ರೇಂಜ್ ರೋವರ್‌ನಲ್ಲಿ ಅದು ನಿಮ್ಮ ಗಮನಕ್ಕೇ ಬರಬಾರದು ಅನ್ನುವುದೇ ಮಾಡಿದವರ ಆಸೆ.

ರಸ್ತೆಯಲ್ಲಂತೂ ಹೋಲಿಕೆ ಬೇಗ ಮುಗಿಯುತ್ತದೆ. 2021ರಲ್ಲಿ ಬಂದ ಐದನೇ ತಲೆಮಾರಿನ ರೇಂಜ್ ರೋವರ್ ಐದು ಮೀಟರಿಗಿಂತ ಉದ್ದ. ಹಿಂದಿನ ಚಕ್ರಗಳೂ 7 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಿರುಗುವುದರಿಂದ ಚಿಕ್ಕ ಕಾರಿನ ಹಾಗೆ ತಿರುಗಿಕೊಳ್ಳುತ್ತದೆ. ತಲೆದಿಂಬಿನಲ್ಲಿ ಸ್ಪೀಕರ್ ಇಟ್ಟು ಹೊರಗಿನ ಸದ್ದನ್ನು ಅಳಿಸುತ್ತಾರೆ. ಗಾಳಿ ಸೀಳುವ ಲೆಕ್ಕದಲ್ಲಿ ಅದರ ಅಂಕಿ 0.30, 2018ರ ಜಿಯದು 0.54ರ ಆಸುಪಾಸು. ಕಮ್ಮಿ ಇದ್ದಷ್ಟೂ ಒಳ್ಳೆಯದು. ಹೆದ್ದಾರಿಯಲ್ಲಿ ಜಿಯ ನೇರ ಗಾಜಿಗೆ ಗಾಳಿ ಬಡಿಯುವ ಸದ್ದು ಕೇಳುತ್ತಲೇ ಇರುತ್ತದೆ. ಆ ಸದ್ದೇ ಇಷ್ಟ ಅನ್ನುವವರಿದ್ದಾರೆ, ಅವರ ಜೊತೆ ನನ್ನ ಜಗಳವಿಲ್ಲ.

ಬಾಳಿಕೆಯಲ್ಲಿ ಮಾತ್ರ ಜಿಗೆ ಕೈಮುಗಿಯಬೇಕು. ಗುಂಟರ್ ಹೋಲ್ಟಾರ್ಫ್ ಅನ್ನುವ ಜರ್ಮನ್ ಯಾತ್ರಿಕ ತಮ್ಮ ನೀಲಿ 300 ಜಿಡಿಯಲ್ಲಿ ಹೆಂಡತಿ ಕ್ರಿಸ್ಟೀನ್ ಜೊತೆ ಜಗತ್ತು ಸುತ್ತಿದರು. 80ರ ದಶಕದ ಕೊನೆಗೆ ಹೊರಟವರು ಮುಗಿಸಿದ್ದು 2014ರಲ್ಲಿ. 9 ಲಕ್ಷ ಕಿಲೋಮೀಟರಿಗೆ ಹತ್ತಿರ. ಕ್ರಿಸ್ಟೀನ್ 2010ರಲ್ಲಿ ತೀರಿಕೊಂಡ ಮೇಲೂ ಅವರು ಹೊರಟ ಕೆಲಸ ನಿಲ್ಲಿಸಲಿಲ್ಲ. 'ಓಟೋ' ಅಂತ ಹೆಸರಿಟ್ಟಿದ್ದ ಆ ಗಾಡಿ ಈಗ ಸ್ಟಟ್‌ಗಾರ್ಟ್‌ನ ಮರ್ಸಿಡಿಸ್ ಮ್ಯೂಸಿಯಂನಲ್ಲಿದೆ. ಗಾಳಿ ಸ್ಪ್ರಿಂಗಿನ ಮೇಲೆ ಇಂಥ ಯಾತ್ರೆಗೆ ಹೊರಡಲು ನನಗಾದರೆ ಧೈರ್ಯ ಸಾಲದು. ಆ ಸ್ಪ್ರಿಂಗು ರಬ್ಬರಿನದು, ರಬ್ಬರು ವಯಸ್ಸಾದ ಮೇಲೆ ಬಿರುಕು ಬಿಡುತ್ತದೆ, ಗಾಳಿ ತುಂಬುವ ಕಂಪ್ರೆಸರ್ ದಣಿಯುತ್ತದೆ. 90ರ ದಶಕದ ರೇಂಜ್ ರೋವರ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ ಗಾಳಿ ಸ್ಪ್ರಿಂಗು ಕಿತ್ತು ಕಾಯಿಲ್ ಹಾಕಿಸಿಕೊಂಡರು. ಮೆತ್ತನೆ ದಾರಿಗೆ ಕೊಡಬೇಕಾದ ಬೆಲೆ ಅದು. ನಾನದನ್ನು ಮುಚ್ಚಿಡುವುದಿಲ್ಲ.

ಇನ್ನು ದುಡ್ಡು. 2008ರಲ್ಲಿ ಟಾಟಾ ಮೋಟರ್ಸ್ 230 ಕೋಟಿ ಡಾಲರ್ ಕೊಟ್ಟು ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ ಟಾಟಾಗೆ ಇದು ದಕ್ಕುತ್ತದಾ ಅಂತ ಬಹಳ ಜನ ಕೇಳಿದ್ದರು. 2024ರಲ್ಲಿ ರೇಂಜ್ ರೋವರ್ ಜೋಡಣೆ ಪುಣೆಯಲ್ಲಿ ಶುರುವಾಯಿತು. ಸೋಲಿಹಲ್ ಬಿಟ್ಟು ಹೊರಗೆ ಈ ಗಾಡಿ ತಯಾರಾಗಿದ್ದು ಅದೇ ಮೊದಲು. ಆಗ ಶೋರೂಂ ಬೆಲೆ 2.36 ಕೋಟಿಯಿಂದ ಶುರು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇಕಡ 18 ಆಜೀವ ತೆರಿಗೆ, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. ಲೆಕ್ಕ ಹಾಕಿದರೆ ತೆರಿಗೆಯೊಂದೇ ಸುಮಾರು 47 ಲಕ್ಷ. ಜಿ-ಕ್ಲಾಸ್ ಗ್ರಾಜ್‌ನಿಂದ ಪೂರ್ತಿ ತಯಾರಾಗಿಯೇ ಬರುವುದರಿಂದ ಇನ್ನೂ ದುಬಾರಿ. ಜಿ 63 2024ರಲ್ಲಿ ಹೊಸ ರೂಪದಲ್ಲಿ ಬಂದಾಗ 3.6 ಕೋಟಿ ಇತ್ತು. ಮರ್ಸಿಡಿಸ್‌ಗೂ ನಮ್ಮೂರ ನಂಟಿದೆ. ಜರ್ಮನಿ ಬಿಟ್ಟರೆ ಅವರ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ, 1996ರಿಂದ. ನಮ್ಮ ಹುಡುಗ ಹುಡುಗಿಯರು ಅಲ್ಲಿ ಕೂತು ಮಾಡುವ ಕೆಲಸ ಜಗತ್ತಿನ ರಸ್ತೆಗಳ ಮೇಲೆ ಓಡುತ್ತಿದೆ ಅನ್ನುವುದು ನನಗೆ ಹೆಮ್ಮೆಯ ವಿಷಯ.

ಅಷ್ಟು ದುಡ್ಡು ಕೊಟ್ಟು ಕೊಂಡ ಎರಡೂ ಗಾಡಿಗಳು ಬೆಂಗಳೂರಿನಲ್ಲಿ ಹೆಚ್ಚಾಗಿ ಮಾಡುವುದು ಸಿಗ್ನಲ್ಲಿನಲ್ಲಿ ನಿಲ್ಲುವ ಕೆಲಸ. ಇದನ್ನು ನೋಡಿ ನನಗೆ ಬೇಸರವಾಗುತ್ತದೆ. ಸ್ಪೆನ್ ಕಿಂಗ್ ಅವರಿಗೂ ಆಗುತ್ತಿತ್ತು. ತಾವು ಮಾಡಿದಂಥ ಗಾಡಿಗಳನ್ನು ಜನ ಊರೊಳಗೆ ಮಕ್ಕಳನ್ನು ಶಾಲೆಗೆ ಬಿಡಲು ಬಳಸುವುದು ಶುದ್ಧ ತಪ್ಪು ಅಂತ ಅವರು 2004ರಲ್ಲಿ ಬಾಯಿಬಿಟ್ಟು ಹೇಳಿದ್ದರು. 2010ರಲ್ಲಿ, 85ನೇ ವಯಸ್ಸಿನಲ್ಲಿ, ಸೈಕಲ್ ತುಳಿಯುವಾಗ ಒಂದು ವ್ಯಾನಿಗೆ ಡಿಕ್ಕಿಯಾಗಿ ತೀವ್ರ ಗಾಯಗೊಂಡು ತೀರಿಕೊಂಡರು. ಹೊಲ ದಾಟಲು ಮಾಡಿದ ಗಾಡಿ ಹೊಲ ದಾಟಬೇಕು ಅನ್ನುವ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸಕಲೇಶಪುರದ ಆ ಪ್ಲಾಂಟರ್ ಬಗ್ಗೆ ನನಗೆ ಗೌರವ ಇರುವುದೂ ಅದಕ್ಕೇ. ಅವರ ಜಿಯ ಹಿಂದಿನ ಸೀಟು ಮಡಿಸಿ ಗೊಬ್ಬರದ ಚೀಲ ಹೇರಿದ್ದರು.

ಈಗ ಜಿಯ ಕಥೆಯಲ್ಲೇ ಒಂದು ದೊಡ್ಡ ಬದಲಾವಣೆ ಬಂದಿದೆ. 2024ರಲ್ಲಿ ಬಂದ ಎಲೆಕ್ಟ್ರಿಕ್ ಜಿ 580ರಲ್ಲಿ ಆ ಮೂರು ಲಾಕ್‌ಗಳಿಲ್ಲ. ಚಕ್ರಕ್ಕೊಂದರಂತೆ ನಾಲ್ಕು ಮೋಟರ್, ಪ್ರತಿಯೊಂದಕ್ಕೂ ಅದರದೇ ಲೋ ಗೇರ್. ಎಡದ ಚಕ್ರಗಳನ್ನು ಮುಂದಕ್ಕೂ ಬಲದವನ್ನು ಹಿಂದಕ್ಕೂ ತಿರುಗಿಸಿ ನಿಂತಲ್ಲೇ ಗಾಡಿ ಸುತ್ತು ಹೊಡೆಯುತ್ತದೆ. ಚಾಸಿ ಉಳಿಸಿಕೊಂಡಿದ್ದಾರೆ, ಅದರೊಳಗೇ ಬ್ಯಾಟರಿ. 850 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ, ಡೀಸೆಲ್ ಜಿಗೆ 700 ಮಾತ್ರ. ಲಾಕ್ ಮಾಡುತ್ತಿದ್ದ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ, ಒಂದು ಚಕ್ರ ಎದ್ದರೆ ಅದರ ಮೋಟರ್ ತಡೆದು ಉಳಿದವಕ್ಕೆ ಬಲ ಕೊಡುತ್ತದೆ.

ಜಿಯ ಹಳೇ ಭಕ್ತರಿಗೆ ಇದು ನುಂಗಲಾರದ ತುತ್ತು. ನನಗೆ ಮಾತ್ರ ಕುತೂಹಲ ಜಾಸ್ತಿಯಾಗಿದೆ. ಲಾಕ್‌ನ ಬದಲಿಗೆ ಮೋಟರ್ ಬರಬಹುದು. ಮೆತ್ತನೆ ಸ್ಪ್ರಿಂಗಿನ ಬದಲಿಗೆ ಏನು ಬರುತ್ತದೆ? ಎದ್ದ ಚಕ್ರದ ಮೋಟರ್ ಎಷ್ಟೇ ಚುರುಕಾಗಿರಲಿ, ನೆಲ ಮುಟ್ಟದೆ ಅದು ಎಳೆಯಲಾರದು. ಬ್ಯಾಟರಿ ಸೇರಿ ಗಾಡಿ ಮೂರು ಟನ್ ಆದಾಗ ಅದನ್ನು ಹೊರಲು ಸ್ಪ್ರಿಂಗು ಬಿಗಿಯಾಗಬೇಕು, ಬಿಗಿಯಾದಷ್ಟೂ ಚಕ್ರ ಬೇಗ ನೆಲ ಬಿಡುತ್ತದೆ. ರೇಂಜ್ ರೋವರ್‌ನವರೂ ಎಲೆಕ್ಟ್ರಿಕ್ ಗಾಡಿಯ ಕೆಲಸದಲ್ಲಿದ್ದಾರೆ, ಈ ಲೆಕ್ಕ ಅವರಿಗೂ ತಪ್ಪಿದ್ದಲ್ಲ. ಅದು ಬಂದ ದಿನ ಬ್ಯಾಟರಿ ಎಷ್ಟು, ಒಂದು ಚಾರ್ಜಿಗೆ ಎಷ್ಟು ದೂರ ಅಂತ ಬೇರೆಯವರು ನೋಡಲಿ. ನಾನು ಮೊದಲು ನೋಡುವುದು ಚಕ್ರ ಎಷ್ಟು ಕೆಳಗೆ ಇಳಿಯುತ್ತದೆ ಅಂತ.